ಅಂಟಿಕೊಂಡ ತೋಳಮನುಷ್ಯ

ನಮ್ಮ ಸೋದರತ್ತೆಯನ್ನು ಸ್ಟುಡಿಯೋದಲ್ಲಿ ಎಲ್ಲರೂ ಗೋಂದಮ್ಮ ಎಂದೇ ಕರೆಯುತ್ತಿದ್ದರು. ದೆವ್ವ, ಪಿಶಾಚಿಗಳನ್ನು ತೋರಿಸಿ ಜನರನ್ನು ನಗಿಸುವ ಸಿನಿಮಾಗಳನ್ನಷ್ಟೇ ತೆಗೆಯುತ್ತಿದ್ದ ಸಣ್ಣ ಸ್ಟುಡಿಯೋ ಅದು. ಅಲ್ಲಿನ ಮೇಕಪ್ ಕೋಣೆಯಲ್ಲಿ ನಟರ ಮುಖಕ್ಕೆ ಕೂದಲು ಅಂಟಿಸುವುದು ಅವಳ ಕೆಲಸ. ಸಿನಿಮಾ ಯಾವುದೇ ಆಗಲಿ, ಭೂತ ಮಾತ್ರ ಒಬ್ಬನೇ. ಉದ್ದಕ್ಕೆ, ತೆಳ್ಳಗೆ ಇದ್ದ, ಮಾತು ಕಡಿಮೆಯ ಒಬ್ಬ ನಟ. ಎಲ್ಲರ ಬಾಯಲ್ಲೂ ಅವನು ‘ಏಣಿ’. ಒಂದರಲ್ಲಿ ತೋಳಮನುಷ್ಯ, ಇನ್ನೊಂದರಲ್ಲಿ ಮೈತುಂಬ ಬಟ್ಟೆ ಸುತ್ತಿಕೊಂಡ ಮಮ್ಮಿ, ಮತ್ತೊಂದರಲ್ಲಿ ಪೆಟ್ಟಿಗೆಯಿಂದ ಎದ್ದುಬರುವ ರಕ್ತಪಿಶಾಚಿ. ಅವನನ್ನು ಕಂಡು ಇಬ್ಬರು ಹಾಸ್ಯನಟರು ಬಿದ್ದಂಬೀಳ ಓಡಬೇಕು, ಜನ ನಗಬೇಕು. ಅಷ್ಟೇ ಕಥೆ.

ಅತ್ತೆಗೆ ಮೊದಲಿಂದಲೂ ಎಲ್ಲವನ್ನೂ ಕೆದಕಿ ನೋಡುವ ಸ್ವಭಾವ. ‘ಯಾಕೆ ಅನ್ನೋದು ಬಿಟ್ರೆ ನಿನ್ನ ಬಾಯಲ್ಲಿ ಬೇರೆ ಮಾತೇ ಹುಟ್ಟಲ್ವಲ್ಲೇ’ ಎಂದು ಅಜ್ಜಿ ಬೈಯುತ್ತಿದ್ದಳಂತೆ. ಆಗ ಅವಳ ತಲೆ ಕೊರೆಯುತ್ತಿದ್ದ ಪ್ರಶ್ನೆ ಒಂದೇ. ಅವಳು ಅಂಟಿಸಿದ ಮುಖ ನೋಡಿ ಮೇಕಪ್ ಕೋಣೆಯ ಬಾಗಿಲಲ್ಲಿ ಚಹಾದವನು ಲೋಟ ಕೈಬಿಡುತ್ತಿದ್ದ. ಅದೇ ಮುಖಕ್ಕೆ ಚಿತ್ರಮಂದಿರದಲ್ಲಿ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಮಧ್ಯೆ ಏನಾಯಿತು?

ನೋಡಿಯೇ ಬಿಡೋಣ ಎಂದು ಒಂದು ಮಧ್ಯಾಹ್ನದ ಆಟಕ್ಕೆ ಹೋಗಿ, ಮುಂದಿನ ಸಾಲಿನಲ್ಲಿ ಪರದೆಗೆ ಬೆನ್ನು ಹಾಕಿ, ಜನರ ಮುಖ ನೋಡುತ್ತ ಕೂತಳು. ಕೊನೆಯ ಸಾಲಿನಲ್ಲಿ ಒಂದು ತಲೆ ಉಳಿದೆಲ್ಲ ತಲೆಗಳಿಗಿಂತ ಗೇಣುದ್ದ ಮೇಲಿತ್ತು. ಏಣಿ! ಮಧ್ಯಂತರದಲ್ಲಿ ಅವನು ಅವಳ ಕಣ್ಣು ತಪ್ಪಿಸಿ ಹೊರಟ. ಅತ್ತೆ ಬಿಡುವವಳೇ?

‘ನೀವೇನ್ರೀ ಇಲ್ಲಿ?’

‘ನೀವು ಯಾಕೆ ಬಂದ್ರೋ ಅದಕ್ಕೇ,’ ಎಂದ ಏಣಿ. ‘ಅವರು ನಗೋದು ನನ್ನ ನೋಡಿಯೋ, ಓಡೋರನ್ನ ನೋಡಿಯೋ ಅಂತ ತಿಳೀಬೇಕಿತ್ತು. ಓಡೋರನ್ನ ನೋಡಿ ಅಂತ ಗೊತ್ತಾಯ್ತು. ನಾನು ಎಷ್ಟು ಹಲ್ಲು ಕಿರಿದ್ರೂ ಒಬ್ಬರೂ ನಗಲ್ಲ.’

ಅದಾಗಿ ಕೆಲವೇ ದಿನ. ತೋಳಮನುಷ್ಯ ಬಾಗಿಲು ದೂಡಿಕೊಂಡು ಒಳನುಗ್ಗುವ ದೃಶ್ಯ. ಅಂದು ಸೆಕೆಯೋ ಸೆಕೆ. ಏಣಿಯ ಅಂಗೈಗೆ ಕೂದಲು ಅಂಟಿಸಿದ ಗೋಂದು ಇನ್ನೂ ಒಣಗಿರಲಿಲ್ಲ. ಏಣಿ ಗುರುಗುಟ್ಟುತ್ತ ಬಂದು ಬಾಗಿಲ ಹಿಡಿಕೆ ಹಿಡಿದ. ಕೈ ಅಲ್ಲೇ ಅಂಟಿತು. ಎಳೆದ, ಬರಲಿಲ್ಲ. ಕ್ಯಾಮೆರಾ ಓಡುತ್ತಿತ್ತು. ಗುರುಗುಟ್ಟುವುದನ್ನು ನಿಲ್ಲಿಸಿದರೆ ಶಾಟ್ ಕೆಡುತ್ತದೆಂದು ಗುರುಗುಟ್ಟುತ್ತಲೇ ಒಂದು ಕಾಲಲ್ಲಿ ಬಾಗಿಲನ್ನು ಒದ್ದು ಎಳೆದ. ಕಣ್ಣಲ್ಲಿ ನೀರು. ಓಡಿಹೋಗಿದ್ದ ಹಾಸ್ಯನಟರೂ ಏನಾಯ್ತೆಂದು ತಿರುಗಿ ಬಂದರು. ಅತ್ತೆಗೆ ಕ್ಯಾಮೆರಾ ಮರೆತೇಹೋಯಿತು. ಸ್ಪಿರಿಟ್ ಬಾಟಲಿ, ಹತ್ತಿ ಹಿಡಿದು ಓಡಿ, ‘ಎಳೀಬೇಡ್ರೀ, ಚರ್ಮ ಕಿತ್ಕೊಂಡ್ ಬರುತ್ತೆ!’ ಎನ್ನುತ್ತ ಬೆರಳು ಬೆರಳನ್ನೂ ಬಿಡಿಸಿದಳು. ತೋಳಮನುಷ್ಯ ಅವಳಿಗೆ ತಲೆಬಾಗಿ ಒಂದು ಸಣ್ಣ ‘ಗುರ್ರ್’ ಅಂದ. ಆಮೇಲೆ ಒಳಗೆ ನುಗ್ಗಿದ.

ನಿರ್ದೇಶಕ ಅದನ್ನು ಕತ್ತರಿಸಲಿಲ್ಲ. ಆ ಸಿನಿಮಾದಲ್ಲಿ ಜನ ಅತಿ ಹೆಚ್ಚು ನಕ್ಕಿದ್ದು ಅಲ್ಲೇ. ದೆವ್ವದ ಸಿನಿಮಾ ಎಂದರೆ ಮೂಗು ಮುರಿಯುತ್ತಿದ್ದ ನಮ್ಮಜ್ಜಿಯೂ ಮಗಳನ್ನು ಪರದೆಯ ಮೇಲೆ ನೋಡಲು ಹೋಗಿ ಬಂದಳು. ‘ಪಾಪ, ಆ ಪ್ರಾಣಿಗೆ ಎಷ್ಟು ನೋವಾಯ್ತೋ,’ ಎಂದು ಹೇಳುತ್ತ ಹೇಳುತ್ತಲೇ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡಳು.

ಮುಂದಿನ ಸಿನಿಮಾದಲ್ಲೂ ಹಾಗೇ ಮಾಡಿ ಎಂದ ನಿರ್ದೇಶಕ. ಈ ಸಲ ಮಮ್ಮಿಯ ಕೈ ಅಂಟಬೇಕು. ಏಣಿ ಅಚ್ಚುಕಟ್ಟಾಗಿ ಎಳೆದ, ಒದ್ದ, ಗುರುಗುಟ್ಟಿದ. ಚಿತ್ರಮಂದಿರದಲ್ಲಿ ಒಂದು ಕೆಮ್ಮು ಬಿಟ್ಟರೆ ಬೇರೆ ಸದ್ದಿಲ್ಲ.

‘ಒಂಚೂರೂ ವ್ಯತ್ಯಾಸ ಇರ್ಲಿಲ್ವಲ್ಲ,’ ಎಂದಳು ಅತ್ತೆ, ಹೊರಗೆ ಚಹಾ ಕುಡಿಯುವಾಗ. ‘ಅವತ್ತು ಏನಿತ್ತು?’

ಏಣಿ ಲೋಟದೊಳಗೆ ನೋಡುತ್ತ ಯೋಚಿಸಿದ. ‘ಅವತ್ತು ನನಗೆ ನಿಜವಾಗ್ಲೂ ಭಯ ಆಗಿತ್ತು ಕಣ್ರೀ.’

ಅತ್ತೆ ಚಹಾ ಅಲ್ಲೇ ಇಟ್ಟಳು. ಎಲ್ಲರನ್ನೂ ಹೆದರಿಸುವವನಿಗೇ ಹೆದರಿಕೆ! ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ‘ಹಾಗಾದ್ರೆ ಪ್ರತಿ ಸಲ ನಿಮಗೊಂದು ನಿಜವಾದ ತಾಪತ್ರಯ ಕೊಟ್ರೆ?’

‘ಕೊಡಿ. ಆದ್ರೆ ಏನು ಅಂತ ನನಗೆ ಮೊದಲೇ ಹೇಳ್ಬೇಡಿ.’

ಅಲ್ಲಿಂದ ಶುರುವಾಯಿತು. ತೋಳಮನುಷ್ಯನ ಬೂಟಿನಲ್ಲಿ ಒಣ ಬಟಾಣಿ. ರಕ್ತಪಿಶಾಚಿಗೆ ಬಾಯಿಗಿಂತ ದೊಡ್ಡ ಹಲ್ಲು. ಕಚ್ಚಲು ಬಾಗಿದಾಗಲೆಲ್ಲ ಅದು ಜಾರುತ್ತಿತ್ತು, ಅವನು ಘನತೆಯಿಂದ ನಾಲಿಗೆಯಲ್ಲೇ ಒಳಗೆ ತಳ್ಳಿಕೊಳ್ಳುತ್ತಿದ್ದ. ಮಮ್ಮಿಗೆ ಸುತ್ತುವಾಗ ಅತ್ತೆ ಬೇಕೆಂದೇ ಸಡಿಲ ಬಿಟ್ಟ ಬಟ್ಟೆಯ ತುದಿ ಮಾತ್ರ ಕೈಕೊಟ್ಟಿತು. ಅವನು ಅದನ್ನೇ ತುಳಿದು ಮುಗ್ಗರಿಸಿ ಮೊಣಕಾಲು ಒಡೆದುಕೊಂಡ. ಅತ್ತೆ ಅತ್ತಳು. ಇನ್ನು ಸಾಕು ಅಂದಳು. ಆಸ್ಪತ್ರೆಯ ಮಂಚದ ಮೇಲಿಂದ ಏಣಿ ಕೇಳಿದ, ‘ನಕ್ಕರಾ?’

‘ಲೈಟಿನವರೂ ನಕ್ಕರು, ಹಾಳಾದೋರು.’

‘ಮತ್ತೆ ಯಾಕೆ ಅಳ್ತೀರಾ?’

ಈ ಒಂದು ‘ಯಾಕೆ’ ಕೇಳಿ ಅತ್ತೆ ಅವನ ಮೊಣಕಾಲಿನ ಪಟ್ಟಿಯನ್ನು ಬಿಚ್ಚಿ ಮೊದಲಿಂದ ಸುತ್ತತೊಡಗಿದಳು. ಅದನ್ನು ನೋಡಿ, ಬುತ್ತಿ ತಂದಿದ್ದ ಅಜ್ಜಿಗೆ ಎಲ್ಲ ಅರ್ಥವಾಯಿತಂತೆ. ಆ ವರ್ಷವೇ ಮದುವೆ ಆಯಿತು. ಹೀಗೆ ನನಗೆ ಏಣಿಮಾವ ಸಿಕ್ಕಿದ.

ಆಮೇಲೆ ರಬ್ಬರ್ ಮುಖವಾಡಗಳು ಬಂದವು. ಅರ್ಧ ದಿನದ ಕೆಲಸ ಅರೆಗಳಿಗೆಯಲ್ಲಿ ಮುಗಿಯತೊಡಗಿತು. ಒಳಗಿನ ಮುಖ ಯಾರಿಗೂ ಕಾಣದು. ಯಾರು ಹಾಕಿಕೊಂಡರೂ ನಡೆಯುತ್ತಿತ್ತು. ಇಬ್ಬರೂ ಕೆಲಸ ಬಿಟ್ಟು ಶಾಲಾ ನಾಟಕಗಳಿಗೆ ಗಡ್ಡ, ವಿಗ್ಗು ಬಾಡಿಗೆ ಕೊಡುವ ಅಂಗಡಿ ತೆರೆದರು. ಪುಟ್ಟ ಭೂತಗಳು ಸ್ಟೂಲಿನ ಮೇಲೆ ನಿಂತಿರುತ್ತವೆ. ಮಾವ ತಲೆಯ ಅಳತೆ ತೆಗೆಯುತ್ತಾನೆ, ಅತ್ತೆ ಕೂದಲು ಬಾಚುತ್ತಾಳೆ. ಮೊನ್ನೆ ನಾನು ಹೋದಾಗ ಎರಡು ಜಡೆಯ ಹುಡುಗಿಯೊಬ್ಬಳು ಕನ್ನಡಿಯಲ್ಲಿ ತನ್ನ ಮೀಸೆ ನೋಡಿಕೊಂಡು ಕೇಳಿದಳು: ‘ಅಜ್ಜೀ, ದೆವ್ವಕ್ಕೆ ಕಚಗುಳಿ ಆಗುತ್ತಾ?’

ಅತ್ತೆ ಬಾಚಣಿಗೆ ಕೆಳಗಿಟ್ಟು ಮಾವನ ಕಡೆ ನೋಡಿದಳು.

‘ಗೊತ್ತಿಲ್ಲ ಕಣವ್ವಾ,’ ಎಂದ ಮಾವ, ಅಂಗಿಯ ತೋಳು ಮಡಚಿಕೊಳ್ಳುತ್ತ. ‘ಅದನ್ನ ಯಾರೂ ಮಾಡಿ ನೋಡಿಲ್ಲ.’