ಸಂಘದ ಲಾಯ ಸೇರಿದ ಕೆಂಚಿ

ಬಸವಣ್ಣ ಎಂಬ ಕಾಲುವೆಯಲ್ಲಿ ಮೊಣಕಾಲುದ್ದ ನೀರಿಗಿಳಿದು ಪಕ್ಕೀರಪ್ಪ ತನ್ನ ಕುದುರೆ ಕೆಂಚಿಯ ಮೈ ತಿಕ್ಕುತ್ತಿದ್ದಾಗ ಅದಿರು ಸಾಗಣೆಯ ಕಂಟ್ರಾಕ್ಟರ್ ವಿರುಪಾಕ್ಷಪ್ಪ ದಂಡೆಗೆ ಬಂದು ನಿಂತ. ಹೊಸಪೇಟೆ ಸ್ಟೇಷನ್ನಿನಿಂದ ಜಟಕಾ ಹೊಡೆಯುವ ಪಕ್ಕೀರಪ್ಪನಿಗೆ ಆ ಕೆಂಪು ಹೆಣ್ಣುಕುದುರೆ ಬಿಟ್ಟರೆ ಬೇರೆ ಆಸರೆ ಇರಲಿಲ್ಲ. ಕಂಪ್ಲಿ ಕಡೆ ಮೋಟಾರು ಬಸ್ಸು ಓಡತೊಡಗಿ ಬಾಡಿಗೆ ಅರ್ಧಕ್ಕೆ ಇಳಿದಿತ್ತು. ಆದರೂ ಕೆಂಚಿಯ ಓಟ ಬಲ್ಲವರು ಅವನ ಗಾಡಿಯನ್ನೇ ಹುಡುಕಿ ಹತ್ತುತ್ತಿದ್ದರು.

ಸ್ಟೇಷನ್ನಿನ ಆಚೆಯ ಬಯಲಿನಲ್ಲಿ ಅಧಿಕಾರಿಗಳೂ ಅದಿರಿನ ವ್ಯಾಪಾರಿಗಳೂ ಕುದುರೆ ಸವಾರರ ಸಂಘ ಕಟ್ಟಿಕೊಂಡಿದ್ದರು. ಅದರ ಚಂದಾ ಮೂರು ಬಗೆ. ಸ್ವಂತ ಕುದುರೆಯುಳ್ಳವರು ವರ್ಷಕ್ಕೆ ಎರಡು ಕಂತಿನಲ್ಲಿ ಅರವತ್ತು ರೂಪಾಯಿ ಕೊಟ್ಟು ಪೂರ್ಣ ಸದಸ್ಯರಾಗುತ್ತಿದ್ದರು. ಪಂದ್ಯಕ್ಕೆ ಕುದುರೆ ಬಿಡುವ ಹಕ್ಕು ಅವರದು ಮಾತ್ರ. ಕುದುರೆಯಿಲ್ಲದವರದು ಅರ್ಧ ಚಂದಾ, ಹಿಂದಿನ ಸಾಲಿನ ಕುರ್ಚಿ. ಪಂದ್ಯದಲ್ಲಿ ಸವಾರಿ ಮಾಡುವ ಕೂಲಿಯಾಳಿಗೆ ಒಂದು ರೂಪಾಯಿಯ ದಿನದ ಚಂದಾ. ಸಂಜೆಯಾದರೆ ಅವನ ಸದಸ್ಯತ್ವ ಮುಗಿಯಿತು.

ವಿರುಪಾಕ್ಷಪ್ಪನಿಗೆ ಹಿಂದಿನ ಸಾಲಿನಲ್ಲಿ ಕೂತು ಸಾಕಾಗಿಹೋಗಿತ್ತು.

"ಒಂದಿನದ ಮಾತು ಪಕ್ಕೀರ," ಎಂದ. "ಕುದುರಿ ನನ್ನ ಹೆಸರಿನ್ಯಾಗ ಓಡ್ಲಿ. ಸವಾರಿ ನೀನ ಮಾಡು. ನಿನ್ನ ಚಂದಾ ನಾ ಕಟ್ತೀನಿ."

"ಸಂಜಿ ಪ್ಯಾಸೆಂಜರ್ ಬರೋ ಹೊತ್ತಿಗೆ ಗಾಡಿಗೆ ಕಟ್ಟಬೇಕ್ರಿ ಧಣಿ."

"ಕಟ್ಟು. ಬ್ಯಾಡಂದೋರ್ಯಾರು?"

ಸಾಹೇಬರೆದುರು ಗೆದ್ದ ಕುದುರೆಯ ಗಾಡಿಗೆ ಬಾಡಿಗೆ ಹೆಚ್ಚಾದೀತು ಎಂದು ಪಕ್ಕೀರಪ್ಪ ಒಪ್ಪಿದ. ಗಾಡಿಯ ಭಾರವಿಲ್ಲದೆ ಕೆಂಚಿ ಹೇಗೆ ಓಡುತ್ತದೆಂದು ನೋಡುವ ಆಸೆಯೂ ಇತ್ತು.

ಪಂದ್ಯದ ಬೆಳಗ್ಗೆ ವಿರುಪಾಕ್ಷಪ್ಪ ಹೊಸ ಲಗಾಮು ತಂದು ತಾನೇ ತೊಡಿಸಿದ. ಕೊರಳಿನ ಹಳೆಯ ಹಗ್ಗ ಬಿಚ್ಚಿ ಪಕ್ಕೀರಪ್ಪನ ಕೈಗಿಟ್ಟ. ಆ ಸೀಮೆಯಲ್ಲಿ ದನವಾಗಲಿ ಕುದುರೆಯಾಗಲಿ ಮಾರಿದವನು ಹಗ್ಗ ಬಿಟ್ಟುಕೊಡುವುದಿಲ್ಲ. ಕೊಂಡವನು ತನ್ನದನ್ನು ಹಾಕಿ ಹಿಡಿದುಕೊಂಡು ಹೋಗುತ್ತಾನೆ, ಮಾರಿದವನು ಹಳೆಯ ಹಗ್ಗದೊಂದಿಗೆ ಮನೆಗೆ ಮರಳುತ್ತಾನೆ. ಪಕ್ಕೀರಪ್ಪ ಇದನ್ನು ಅರಿಯದವನಲ್ಲ. ಆದರೆ ಆಗ ಅವನ ಗಮನವೆಲ್ಲ ಕೆಂಚಿಯ ಕಾಲುಗಳ ಮೇಲಿತ್ತು. ಹಗ್ಗವನ್ನು ಹೆಗಲಿಗೆ ಹಾಕಿಕೊಂಡ. ಬಯಲಿನ ಬೇಲಿಯ ಆಚೆ ನಿಂತ ಜಟಕಾದವರೆಲ್ಲ ನೋಡಿದರು.

ಕೆಂಚಿ ಗೆದ್ದಿತು. ವಿರುಪಾಕ್ಷಪ್ಪ ಬೆಳ್ಳಿಯ ಬಟ್ಟಲು ಪಡೆದು, ಎಲ್ಲರೆದುರು ಪಕ್ಕೀರಪ್ಪನಿಗೆ ಐದು ರೂಪಾಯಿ ಕೊಟ್ಟ. ಆಮೇಲೆ ಪಕ್ಕೀರಪ್ಪ ಸಂಘದ ಲಾಯದಲ್ಲಿ ಕಟ್ಟಿದ್ದ ಕುದುರೆ ಬಿಡಿಸಿಕೊಳ್ಳಲು ಹೋದರೆ ಬಾಗಿಲಲ್ಲಿ ಸಂಘದ ಕಾರ್ಯದರ್ಶಿ ತಡೆದರು. ಪೂರ್ಣ ಸದಸ್ಯರ ಕುದುರೆ ವರ್ಷ ಮುಗಿಯುವವರೆಗೆ ಸಂಘದ ಲಾಯದಲ್ಲೇ ಇರಬೇಕು, ಹುಲ್ಲು ಹುರುಳಿ ಚಂದಾದಲ್ಲೇ ಸೇರಿದೆ ಎಂದರು. ವಿರುಪಾಕ್ಷಪ್ಪ ಅಷ್ಟರಲ್ಲಿ ಹೊರಟುಹೋಗಿದ್ದ.

ಮನೆಯ ಮುಂದೆ ಹೆಂಡತಿ ಹುಸೇನಮ್ಮ ಅವನ ಹೆಗಲು ನೋಡಿದಳು.

"ಹಗ್ಗ ಇಸ್ಕೊಂಡು ಬಂದೀಯೇನು?" ಎಂದಳು.

ಮರುದಿನ ಅವನು ಜಟಕಾ ಸ್ಟ್ಯಾಂಡಿನ ಹಿರಿಯ ಎರ್ರಿಯಪ್ಪನನ್ನು ಕರೆದುಕೊಂಡು ವಿರುಪಾಕ್ಷಪ್ಪನ ಮನೆಗೆ ಹೋದ. ಕುದುರೆಯನ್ನು ತಾನು ಕೊಂಡದ್ದಾಗಿ ವಿರುಪಾಕ್ಷಪ್ಪ ಹೇಳಿದ. ಬೇಕಾದರೆ ನಿಮ್ಮವರನ್ನೇ ಕೇಳಿ ಎಂದ. ಎರ್ರಿಯಪ್ಪ ಪಕ್ಕೀರಪ್ಪನ ಕಡೆ ತಿರುಗಿದ.

"ಹಗ್ಗ ನಿನ್ನ ಹೆಗಲ ಮ್ಯಾಲಿತ್ತಲ್ಲೋ ಪಕ್ಕೀರ. ರೊಕ್ಕಾನೂ ಇಸ್ಕೊಂಡಿ."

"ಐದು ರೂಪಾಯಿಗೆ ಯಾರು ಕುದುರಿ ಮಾರ್ತಾರ ಯಣ್ಣಾ?"

"ಅದು ನನಗ ಗೊತ್ತಿಲ್ಲಪ್ಪ. ಕಂಡಿದ್ದು ಹೇಳಿದೆ."

ಮಳೆಗಾಲ ಕಳೆಯುವಷ್ಟರಲ್ಲಿ ಅದಿರಿನ ದರ ಕುಸಿಯಿತು. ವಿರುಪಾಕ್ಷಪ್ಪ ಚಂದಾದ ಎರಡನೆಯ ಕಂತು ಕಟ್ಟಲಿಲ್ಲ. ಬಾಕಿದಾರರ ಕುದುರೆಯನ್ನು ಹರಾಜಿಗಿಡುವುದು ಸಂಘದ ನಿಯಮ. ಹುಸೇನಮ್ಮನ ಬೆಳ್ಳಿ ಕಡಗ ಅಡವಿಟ್ಟು ಪಕ್ಕೀರಪ್ಪ ಹರಾಜಿಗೆ ಹೋದ. ದೂರದಿಂದಲೇ ಅವನ ವಾಸನೆ ಹಿಡಿದು ಕೆಂಚಿ ಕಿವಿ ನಿಮಿರಿಸಿತು. ಅದರ ಪಕ್ಕೆಲುಬು ಎಣಿಸುವಂತಿತ್ತು.

ಸವಾಲು ಕೂಗುವ ಹಕ್ಕು ಸದಸ್ಯರಿಗೆ ಮಾತ್ರ, ನಿನ್ನ ಸದಸ್ಯತ್ವ ಪಂದ್ಯದ ಸಂಜೆಯೇ ಮುಗಿದಿದೆ ಎಂದು ಕಾರ್ಯದರ್ಶಿ ಮೆಲ್ಲಗೆ ತಿಳಿಸಿದರು.

"ಇನ್ನೊಂದು ರೂಪಾಯಿ ಕಟ್ತೀನ್ರಿ. ಇವತ್ತೊಂದಿನ ಸೇರಿಸ್ಕೊಳ್ರಿ."

ದಿನದ ಚಂದಾ ಪಂದ್ಯದ ದಿನಕ್ಕೆ ಮಾತ್ರ ಎಂದರು ಅವರು.

ಬಳ್ಳಾರಿಯ ಸದಸ್ಯರೊಬ್ಬರು ಕೆಂಚಿಯನ್ನು ಕೊಂಡು ಗೂಡ್ಸ್ ಗಾಡಿಯಲ್ಲಿ ಸಾಗಿಸಿದರು. ಮುಂದಿನ ವಾರ ಪಕ್ಕೀರಪ್ಪ ಜಟಕಾವನ್ನು ಕಂಪ್ಲಿಯವನೊಬ್ಬನಿಗೆ ಮಾರಿದ. ಗಂಡ ಹೆಂಡತಿ ಇಬ್ಬರೂ ಸಂಡೂರಿನ ಗುಡ್ಡಕ್ಕೆ ಅದಿರು ಹೊರಲು ಹೋದರು.