ಕದಲದ ಹನ್ನೊಂದು ನಿಮಿಷ

ಹಳೆಯ ವಿಡಿಯೋ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಆ ಅಂಗಡಿ, ಎರಡು ಮಂಚ ಹಾಕಿದರೆ ಮುಗಿದುಹೋಗುವಷ್ಟು ದೊಡ್ಡದು. ಅದರ ಒಡೆಯನನ್ನು ಬೀದಿಯವರೆಲ್ಲ ಟೇಪಣ್ಣ ಎನ್ನುತ್ತಿದ್ದರು. ನಿಜವಾದ ಹೆಸರು ಹೆಂಡತಿಗೂ ಅರ್ಜಿ ತುಂಬುವಾಗ ಮಾತ್ರ ನೆನಪಾಗುತ್ತಿತ್ತು. ಅವನು ಬಳಸುತ್ತಿದ್ದದ್ದು ಪುಕ್ಕಟೆ ಸಿಗುವ ಮುಕ್ತ ತಂತ್ರಾಂಶ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು. ನಾಲ್ಕಾರು ಜನ ತಮ್ಮ ತಮ್ಮ ಹೊಟ್ಟೆಪಾಡಿನ ಕೆಲಸ ಮುಗಿಸಿ, ಸಂಬಳವಿಲ್ಲದೆ ಅದನ್ನು ನೋಡಿಕೊಳ್ಳುತ್ತಿದ್ದರು. ಅವರಲ್ಲಿ ಮುಖ್ಯಳಾದವಳು ‘ಗುಬ್ಬಚ್ಚಿ’ ಎಂಬ ಅಡ್ಡಹೆಸರಿನ ಹೆಂಗಸು. ಟೇಪಣ್ಣ ಅವಳ ಮುಖ ಕಂಡವನಲ್ಲ. ಅವಳು ಕೊಟ್ಟದ್ದರಿಂದಲೇ ಹನ್ನೆರಡು ವರ್ಷ ಉಂಡುಟ್ಟವನು, ಒಂದು ದಿನ ಒಂದು ಸಾಲಿನ ಧನ್ಯವಾದ ಬರೆದವನೂ ಅಲ್ಲ.

ಒಂದು ಮಧ್ಯಾಹ್ನ ಎದುರಂಗಡಿಯ ದರ್ಜಿ ಹೆಂಗಸು ಬಟ್ಟೆಯಲ್ಲಿ ಸುತ್ತಿದ ಟೇಪು ತಂದಳು.

“ಅಣ್ಣಾ, ಇದರಲ್ಲಿ ನಮ್ಮಮ್ಮ ಇದ್ದಾಳೆ. ಲಕ್ವ ಹೊಡೆದ ಮೇಲೆ ಅಪ್ಪ ಕಿಟಕಿ ಹತ್ರ ಕೂರಿಸಿ ತೆಗೆದಿದ್ದು. ಹನ್ನೊಂದು ನಿಮಿಷ ಇದೆ ಅಂತಿದ್ರು. ಅಮ್ಮ ಹೋದಾಗ ನನಗೆ ಮೂರು ವರ್ಷ. ಮುಖ ನೆನಪಿಲ್ಲ. ಬೇರೆ ಫೋಟೋನೂ ಇಲ್ಲ.”

ಟೇಪಿಗೆ ಬೂಷ್ಟು ಹಿಡಿದಿತ್ತು. “ಒಂದೇ ಸಲ ಓಡುತ್ತಮ್ಮ, ಆಮೇಲೆ ಇದರ ಕಥೆ ಮುಗೀತು,” ಎಂದ ಟೇಪಣ್ಣ. ಅದರಲ್ಲಿ ಸುಳ್ಳಿರಲಿಲ್ಲ. ಟೇಪು ಓಡಿತು, ಇದ್ದದ್ದೆಲ್ಲ ಕಂಪ್ಯೂಟರಿಗೆ ಇಳಿಯಿತು. ಯಂತ್ರ ತೆರೆದರೆ ಉದುರಿದ ಕಂದು ಪುಡಿ.

ಈಗ ಅವನ ಜಾಣತನದ ವಿಷಯ ಹೇಳಬೇಕು. ಹಳೆಯ ಟೇಪುಗಳಲ್ಲಿ ಏನೂ ಇಲ್ಲದ ನೀಲಿ ಪರದೆ ಗಂಟೆಗಟ್ಟಲೆ ಇರುತ್ತದೆ. ಅದನ್ನು ಕೂತು ನೋಡಿ ಕತ್ತರಿಸುವುದು ಬೇಸರವೆಂದು, ಹತ್ತು ಸೆಕೆಂಡು ಚಿತ್ರ ಕದಲದಿದ್ದರೆ ಆ ಭಾಗ ತೆಗೆದುಹಾಕು ಎಂದು ತಂತ್ರಾಂಶಕ್ಕೆ ಹೇಳಿಟ್ಟಿದ್ದ. ಪರದೆಯ ಮೇಲೆ ಚುಕ್ಕಿಗಳು ಕುಣಿದರೆ ಅದೂ ಕದಲಿಕೆಯಲ್ಲ ಎಂದು, ಎಷ್ಟು ಕದಲಿದರೆ ಲೆಕ್ಕಕ್ಕೆ ಎಂಬ ಮಿತಿಯನ್ನು ಮೇಲಕ್ಕೇರಿಸಿದ್ದ. ಈ ಟೇಪಿನದನ್ನೂ ತಂತ್ರಾಂಶ ಹಾಗೇ ಕತ್ತರಿಸಿಕೊಟ್ಟಿತು. ಡಿಸ್ಕು ತುಂಬಿತ್ತು, ಕತ್ತರಿಸದ ಮೂಲ ಕಡತ ಅಳಿಸಹೊರಟ. “ಕತ್ತರಿಸಿದ್ದನ್ನು ಒಮ್ಮೆ ಕಣ್ಣಾರೆ ನೋಡಿದಿರಾ?” ಎಂದು ತಂತ್ರಾಂಶ ಕೇಳಿತು. ದಿನಾ ಕೇಳುವ ಪ್ರಶ್ನೆ. ದಿನಾ ಒತ್ತುವ ಹಾಗೆ ‘ಹೌದು’ ಒತ್ತಿದ.

ಮರುದಿನ ದರ್ಜಿ ಹೆಂಗಸು ಸ್ಟೂಲಿನ ಮೇಲೆ ಕೂತು ನೋಡಿದಳು. ಅಪ್ಪನ ಬೆನ್ನು, ಕುರ್ಚಿಯ ಒಂದು ಕೈ, ಕ್ಯಾಮೆರಾ ಆರಿಸಲು ಬಂದ ಅಪ್ಪನ ಬೆರಳು. ಅಷ್ಟೇ.

“ಅಮ್ಮ ಎಲ್ಲಿ?”

ಏನಾಗಿದೆಯೆಂದು ಟೇಪಣ್ಣನಿಗೆ ಆ ಕ್ಷಣವೇ ಹೊಳೆದಿತ್ತು. ಬಾಯಿ ಮಾತ್ರ ಬೇರೆಯದನ್ನೇ ಹೇಳಿತು. “ಈ ಪುಕ್ಕಟೆ ಸಾಫ್ಟ್‌ವೇರ್ ಕೈ ಕೊಟ್ಟಿದೆಯಮ್ಮ. ಇರಿ, ಅವರಿಗೆ ಬಿಸಿ ಮುಟ್ಟಿಸ್ತೀನಿ.” ಅವಳೆದುರೇ ಗುಬ್ಬಚ್ಚಿಯ ಬಳಗದವರು ದೂರು ಸ್ವೀಕರಿಸುವ ಪುಟದಲ್ಲಿ ಬರೆದ: ‘ನಿಮ್ಮ ತಂತ್ರಾಂಶ ಒಬ್ಬ ತಾಯಿಯನ್ನು ನುಂಗಿ ನೀರು ಕುಡಿದಿದೆ.’ ಹೇಳಲು ನಾಚಿಕೆಯಾಗಬೇಕು, ಆ ಸಾಲು ಬರೆದದ್ದಕ್ಕೆ ಅವನಿಗೆ ಒಳಗೊಳಗೇ ಹೆಮ್ಮೆಯೂ ಆಯಿತು.

ಗುಬ್ಬಚ್ಚಿ ಜಗಳಕ್ಕೆ ಬಂದಿದ್ದರೆ ಚೆನ್ನಾಗಿತ್ತು. ಅವಳು ಕ್ಷಮೆ ಕೇಳಿದಳು. ಹೊಸ ಆವೃತ್ತಿಯನ್ನು ಯಾರಿಗೂ ಕೊಡದೆ ತಡೆಹಿಡಿದಳು. ಕೆಲಸಕ್ಕೆ ಮೂರು ದಿನ ರಜೆ ಹಾಕಿ, ತಾನು ಬರೆದ ಒಂದೊಂದು ಸಾಲನ್ನೂ ತಡಕಿದಳು. ನಾಲ್ಕನೆಯ ದಿನ ಹೀಗೆ ಬರೆದಳು: ‘ತಪ್ಪು ಸಿಗುತ್ತಿಲ್ಲ. ಆದರೂ ನನ್ನ ಕೈಯಿಂದಲೇ ಆಗಿರಬೇಕು, ಕಣ್ಣಿಗೆ ನಿದ್ದೆ ಹತ್ತುತ್ತಿಲ್ಲ. ಆ ಮಗಳ ಬಳಿ ನನ್ನ ಪರವಾಗಿ ಕ್ಷಮೆ ಕೇಳಿ. ನಿಮ್ಮ ಕಂಪ್ಯೂಟರಿನಲ್ಲಿರುವ ದಾಖಲೆ ಕಡತ ಕಳಿಸಿ.’

ಯಾವಾಗ ಏನು ಮಾಡಿತು, ಯಾರು ಹೇಳಿ ಮಾಡಿತು ಎಂಬುದನ್ನೆಲ್ಲ ತಂತ್ರಾಂಶ ಬರೆದಿಟ್ಟುಕೊಳ್ಳುವ ಕಡತ ಅದು. ಟೇಪಣ್ಣ ತೆರೆದ. ಕದಲಿಕೆ ಇಲ್ಲ, ಹನ್ನೊಂದು ನಿಮಿಷ ತೆಗೆಯಲಾಗಿದೆ. ಮಿತಿ: ಬಳಕೆದಾರ ಹೇಳಿದಂತೆ. ಕಣ್ಣಾರೆ ನೋಡಿದಿರಾ: ಹೌದು. ಎರಡು ಸಾಲು ತಿದ್ದಿದರೆ ಪಾರಾಗುತ್ತಿದ್ದ. ಬೆರಳು ಅಲ್ಲಿಯ ತನಕ ಹೋಗಿಯೂ ಇತ್ತು.

ಅಷ್ಟರಲ್ಲಿ ದರ್ಜಿ ಹೆಂಗಸು ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಒಳಗೆ ಬಂದಳು. ಗುಬ್ಬಚ್ಚಿ ಕ್ಷಮೆ ಕೇಳಿದ್ದನ್ನು ಅವನೇ ಅವಳಿಗೆ ಮೊದಲೇ ಹೇಳಿದ್ದ. “ಅಣ್ಣಾ, ಆ ಹೆಂಗಸಿಗೆ ಬರೀರಿ, ನನಗೆ ಸಿಟ್ಟಿಲ್ಲ ಅಂತ. ಪುಕ್ಕಟೆ ಮಾಡಿಕೊಡೋರು, ಪಾಪ, ಬೇಕು ಅಂತ ಮಾಡ್ತಾರಾ?”

ಟೇಪಣ್ಣನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇಬ್ಬರು ಹೆಂಗಸರು, ಒಬ್ಬಳು ಮಾಡದ ತಪ್ಪಿಗೆ ನಿದ್ದೆಗೆಟ್ಟಿದ್ದಾಳೆ, ಇನ್ನೊಬ್ಬಳು ಅವಳನ್ನು ಸಂತೈಸಲು ಬಂದಿದ್ದಾಳೆ, ನಡುವೆ ತಾನು ದೊಡ್ಡ ಮನುಷ್ಯನ ಹಾಗೆ ಕೂತಿದ್ದೇನೆ. ಕಡತವನ್ನು ಇದ್ದ ಹಾಗೇ ಗುಬ್ಬಚ್ಚಿಗೆ ಕಳಿಸಿದ. ಕೆಳಗೆ ‘ತಪ್ಪು ನನ್ನದು, ನಿಮ್ಮದಲ್ಲ’ ಎಂದು ಬರೆದ. ಆಮೇಲೆ ಇತ್ತ ತಿರುಗಿದ.

“ಅವರದ್ದೇನೂ ತಪ್ಪಿಲ್ಲಮ್ಮ. ಕದಲದೆ ಇರೋದೆಲ್ಲ ಖಾಲಿ ಅಂತ ನಾನೇ ಅದಕ್ಕೆ ಹೇಳಿಟ್ಟಿದ್ದೆ. ನಿಮ್ಮಮ್ಮ ಕದಲಲಿಲ್ಲ. ಅದು ತೆಗೆದುಹಾಕ್ತು. ಮೂಲನೂ ನಾನೇ ಅಳಿಸಿದೆ. ಗೊತ್ತಿದ್ದೂ ನಿಮಗೆ ಸುಳ್ಳು ಹೇಳಿದೆ.”

ಬೈಗುಳಕ್ಕೆ ಕಾದ. ಅವಳು ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತು, ಆಸೆಯಿಂದಲೇ ಕೇಳಿದಳು.

“ಟೇಪು ಓಡುವಾಗ ಪರದೆ ಮೇಲೆ ಬಂದಿರುತ್ತಲ್ಲ ಅಣ್ಣಾ. ನೀವಾದ್ರೂ ನೋಡಿರ್ತೀರಿ. ನಮ್ಮಮ್ಮ ಹೇಗಿದ್ಲು?”

ಆ ಹನ್ನೊಂದು ನಿಮಿಷ ಅವನು ಪರದೆಗೆ ಬೆನ್ನು ಮಾಡಿ ಭಾವಮೈದುನನ ಜೊತೆ ಫೋನಿನಲ್ಲಿ ಹರಟೆ ಹೊಡೆಯುತ್ತಿದ್ದ. ‘ನಿಮ್ಮ ಹಾಗೇ ಇದ್ರು’ ಅಂದುಬಿಟ್ಟರೆ ಆಗುತ್ತಿತ್ತು, ಅವಳು ಬದುಕಿರುವ ತನಕ ಅದನ್ನು ನಂಬುತ್ತಿದ್ದಳು. ಮಾತು ನಾಲಿಗೆಯ ತುದಿಗೆ ಬಂದೂ ಇತ್ತು.

“ನಾನು ನೋಡಲಿಲ್ಲಮ್ಮ,” ಎಂದ.