ನೆನೆಸಿಟ್ಟ ಎಲೆ

ಬೀಡಿಯಕ್ಕನ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ. ಬೀಡಿಯ ಬಾಯಿ ಮಡಚುವುದಕ್ಕೆ. ಉಳಿದ ಒಂಬತ್ತನ್ನೂ ಬುಡದವರೆಗೆ ಕತ್ತರಿಸುತ್ತಿದ್ದರು. ತಂಬಾಕಿನ ಹಳದಿ ಹತ್ತಿದ ಆ ಉಗುರಿನಿಂದಲೇ ನನ್ನ ಮಗಳಿಗೆ ಕಿತ್ತಳೆ ಸುಲಿದು ಕೊಡುತ್ತಿದ್ದರು. ಬೇಡ ಎನ್ನಬೇಕಾದರೆ ನಾನು ಹಾಸಿಗೆಯಿಂದ ಎದ್ದಿರಬೇಕಿತ್ತಲ್ಲ.

ಶಿರ್ತಾಡಿಯಲ್ಲಿ ನಮ್ಮ ಪಕ್ಕದ ಮನೆಯವರು, ಎಲ್ಲರಿಗೂ ಬೀಡಿಯಕ್ಕ. ನನ್ನ ಗಂಡ ಬೈಕಿನಿಂದ ಬಿದ್ದು ತೀರಿಕೊಂಡ ಮೇಲೆ ನಾನು ಗೋಡೆಯ ಕಡೆ ತಿರುಗಿ ಮಲಗಿದವಳು ಎರಡು ತಿಂಗಳು ಏಳಲಿಲ್ಲ. ದುಃಖವೂ ಇರಲಿಲ್ಲ, ಏನೂ ಇರಲಿಲ್ಲ. ಮೂರು ವರ್ಷದ ಮಗಳು ಹಸಿವಾದರೆ ಬೀಡಿಯಕ್ಕನ ಮನೆಗೆ ಹೋಗುತ್ತಿದ್ದಳು. ಅಳದಂಗಡಿಯಲ್ಲಿರುವ ಗಂಡನ ಅಕ್ಕ ಫೋನ್ ಮಾಡಿ, "ಆದಿತ್ಯವಾರ ಬರ್ತೇನೆ, ಮಗುವನ್ನು ನಾನೇ ಸಾಕ್ತೇನೆ" ಎಂದರು. ಆಗಲಿ ಎಂದೆ.

ಅದು ಬೀಡಿಯಕ್ಕನ ಕಿವಿಗೆ ಬಿತ್ತು. ಸಂಜೆ ಒಂದು ಕಟ್ಟು ಬೀಡಿ ಎಲೆ ತಂದು, ನಮ್ಮ ಬಾಲ್ದಿಯಲ್ಲೇ ನೆನೆಸಿ, ಗೋಣಿಯಲ್ಲಿ ಸುತ್ತಿಟ್ಟು ಹೋದರು. ನನ್ನನ್ನು ಒಂದು ಮಾತು ಕೇಳಲಿಲ್ಲ. ನೆನೆದ ಎಲೆಯನ್ನು ಮಾರನೆಯ ದಿನ ಕತ್ತರಿಸದಿದ್ದರೆ ಕೆಟ್ಟಿತೆಂದೇ ಲೆಕ್ಕ. ಬೀಡಿ ಕಟ್ಟುತ್ತಿದ್ದ ತಾಯಿಯ ಮಗಳಾದ ನನಗೆ ಅದು ಗೊತ್ತಿತ್ತು. ನನಗೆ ಗೊತ್ತೆಂದು ಅವರಿಗೂ ಗೊತ್ತಿತ್ತು.

ಬೆಳಿಗ್ಗೆ ತಂಬಾಕು ಹರಡಿದ ಗೆರಸೆ, ಕತ್ತರಿ ಹಿಡಿದು ಬಂದು ಪಕ್ಕದಲ್ಲಿ ಕೂತರು.

"ನನಗೆ ಮನಸ್ಸಿಲ್ಲ ಅಕ್ಕ," ಎಂದೆ.

"ನಿನ್ನ ಮನಸ್ಸನ್ನು ಯಾರು ಕೇಳಿದ್ರು ಮಾರಾಯ್ತಿ? ಕೈ ಉಂಟಲ್ಲ. ಕತ್ತರಿಸು. ಮನಸ್ಸು ಬರುವಾಗ ಬರ್ಲಿ."

ಎದ್ದು ಕೂತು ಕತ್ತರಿಸಿದೆ, ಎಲೆ ಹಾಳಾಗುತ್ತದಲ್ಲ ಎಂಬ ಒಂದೇ ಕಾರಣಕ್ಕೆ. ನಾನು ಕಟ್ಟಿದ ಬೀಡಿಗಳನ್ನು ನೋಡಿ, "ಇದನ್ನು ಕೊಂಡುಹೋದ್ರೆ ಬೀಡಿ ಕಂಪೆನಿಯ ಬ್ರಾಂಚಿನವರು ನನ್ನನ್ನೂ ಓಡಿಸ್ತಾರೆ" ಎಂದು ಬಿಚ್ಚಿ ಪುನಃ ಕಟ್ಟಿದರು. ಸಂಜೆ ಮತ್ತೆ ಎಲೆ ನೆನೆಸಿ ಹೋದರು. ಮರುದಿನ ಗಂಜಿ ಬೇಯಿಸಲು ಹೇಳಿದರು, ಆಮೇಲೆ ಮಗಳ ತಲೆ ಬಾಚಲು. ಹೇಳಿದ್ದನ್ನೆಲ್ಲ ಮಾಡಿದೆ. ಒಳಗೆ ಏನೂ ಅಲುಗಾಡಲಿಲ್ಲ.

ಆದಿತ್ಯವಾರ ಗಂಡನ ಅಕ್ಕ ಬಂದಾಗ ಮಗಳ ಜುಟ್ಟಿಗೆ ರಿಬ್ಬನ್ ಕಟ್ಟುತ್ತಿದ್ದೆ. "ಇವಳು ಇಲ್ಲೇ ಇರ್ಲಿ," ಎಂದೆ. ಬಾಯಿ ಹೇಳಿತು, ಅಷ್ಟೆ. ಆ ಮಗುವಿನ ಮೇಲೆ ಪ್ರೀತಿ ತಿರುಗಿ ಬರಲು ಇನ್ನೂ ಒಂದು ಮಳೆಗಾಲ ಕಳೆಯಬೇಕಾಯಿತು. ಹೇಳಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆಯೇ.

ಕಳೆದ ವರ್ಷ ಬೀಡಿಯಕ್ಕ ತೀರಿಕೊಂಡರು. ನನಗೆ ಅಳು ಬರಲಿಲ್ಲ. ಬಂದವರಿಗೆ ಕುರ್ಚಿ ಹಾಕಿದೆ, ನಮ್ಮ ಮನೆಯಿಂದ ಚಾ ಮಾಡಿ ಕೊಂಡುಹೋದೆ. ನಾಲ್ಕನೆಯ ದಿನ ಮಂಗಳೂರಿನ ಬಸ್ಸಿನಲ್ಲಿ ಇದ್ದಕ್ಕಿದ್ದಂತೆ ಅಳು ಬಂತು, ನಿಲ್ಲಲಿಲ್ಲ. ಕಾಲೇಜಿಗೆ ಹೊರಟಿದ್ದ ಮಗಳು ಪಕ್ಕದಲ್ಲಿದ್ದಳು. ಏನೂ ಕೇಳದೆ ನನ್ನ ಕೈ ಹಿಡಿದುಕೊಂಡಳು. ಅವಳು ಇಳಿಯಬೇಕಾದ ಮಿಜಾರು ಸ್ಟಾಪು ಬಂತು, ಹೋಯಿತು. ಇಳಿಯಲಿಲ್ಲ.